ಕೇಳಿ ಬಂದವರಿಗಿಲ್ಲ

ಏಪ್ರಿಲ್ 28, ಸೋಮವಾರ

ಪಟ್ಟಣ ಪಂಚಾಯಿತಿ ಚುನಾವಣೆ ಘೋಷಣೆಯಾಯಿತು. ಬೆಳಿಗ್ಗೆ ಪೇಪರಿನಲ್ಲಿ ಓದಿದೆ. ತಿಂಡಿ ಮುಗಿಸಿ ಅಂಗಡಿಗೆ ಬಂದು ಕೂತರೆ ಸುಬ್ಬರಾಯ ಕೈ ಮುಗಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಾನೆ. ಐದು ವರ್ಷ ನಮ್ಮ ವಾರ್ಡಿನ ಮೆಂಬರಾಗಿದ್ದು ಒಂದು ಚಮಚ ಕೊಳ್ಳುವುದಕ್ಕೂ ಈ ಕಡೆ ತಲೆ ಹಾಕದವನು.

"ಮಾಲಿನಕ್ಕಾ, ಆರಾಮಾ? ಈ ಸಲಾನೂ ನಿಮ್ಮ ಆಶೀರ್ವಾದ ಬೇಕು" ಎಂದ.

"ಆಶೀರ್ವಾದ ಆಮೇಲೆ. ಬಸ್‌ಸ್ಟ್ಯಾಂಡ್ ಕಕ್ಕಸಿನ ಬೀಗ ಯಾವಾಗ ತೆಗೀತೀಯಾ?"

"ನೀರಿನ ಕನೆಕ್ಷನ್ ಒಂದು ಬಾಕಿ ಅಕ್ಕಾ. ಗೆದ್ದ ಕೂಡ್ಲೇ ಮೊದಲ ಕೆಲಸ ಅದೇ."

ಹೋದ ಚುನಾವಣೆಯಲ್ಲೂ ಇದನ್ನೇ ಹೇಳಿದ್ದ. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸುಗಳೆಲ್ಲ ನಮ್ಮ ಹೊನ್ನೆಗದ್ದೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತವೆ. ಅಲ್ಲೊಂದು ಮಹಿಳಾ ಶೌಚಾಲಯ. ಬಾಗಿಲ ಪಕ್ಕ ಅಮೃತಶಿಲೆಯಲ್ಲಿ ಇವನ ಹೆಸರು, ಬಾಗಿಲಿಗೆ ಇವನದೇ ಬೀಗ, ಒಳಗೆ ಇವನ ಪಕ್ಷದ ಕುರ್ಚಿ, ಫ್ಲೆಕ್ಸು. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸಿದವರು ಬಿಟ್ಟರೆ ಒಂದು ಹೆಣ್ಣು ನರಪಿಳ್ಳೆ ಅದರೊಳಗೆ ಕಾಲಿಟ್ಟಿಲ್ಲ. ಹೇಸಿಗೆ ಮಾಡುವ ಜಾಗಕ್ಕೆ ಬೀಗ ಹಾಕಿ ಊರನ್ನೆಲ್ಲ ಹೇಸಿಗೆ ಮಾಡಿದ ಮನುಷ್ಯ. ನಮ್ಮದು ಅಂಗಡಿಯ ಹಿಂದೆಯೇ ಮನೆ, ಪುಣ್ಯ. ಬಸ್ಸು ಕಾಯುವ ಹೆಂಗಸರ ಗತಿ ಏನು?

ಅವನನ್ನು ಸಾಗಹಾಕಿದ ಮೇಲೆ ಗುತ್ಯಮ್ಮನ ಮೇಲೆ ರೇಗಿದೆ. ಅವಳು ನಮ್ಮ ಅಂಗಡಿಯ ಕೆಳಗಿನ ಮೆಟ್ಟಿಲಿನ ಮೇಲೆ ಸೊಪ್ಪು, ತೊಂಡೆಕಾಯಿ ಹರವಿಕೊಂಡು ಕೂತು ವರ್ಷಗಳೇ ಆದವು. ಪಾತ್ರೆ ಕೊಳ್ಳಲು ಬಂದವರು ಅವಳ ಹರಿವೆ ಸೊಪ್ಪು ದಾಟಿ ಬರಬೇಕು. ಸೊಪ್ಪಿನ ಮಣ್ಣೆಲ್ಲ ನನ್ನ ಮೆಟ್ಟಿಲಿಗೆ. ಏಳು ಎನ್ನುವುದಕ್ಕೂ ಆಗುವುದಿಲ್ಲ. ಅವಳ ಮಾವ ನಮ್ಮ ಗದ್ದೆ ಗೇಣಿಗೆ ಮಾಡುತ್ತಿದ್ದವರು. ಕಾನೂನು ಬಂತು, ಗದ್ದೆ ಅವರದಾಯಿತು. ಅದಕ್ಕೆ ನನಗೇನೂ ಸಿಟ್ಟಿಲ್ಲ. ನಮ್ಮ ಮಾವನವರಿಗೆ ಇತ್ತು. ಈಗ ಅದೇ ಗದ್ದೆಯ ಸೊಪ್ಪು ನನ್ನ ಮೆಟ್ಟಿಲಿಗೆ ಬರುತ್ತದೆ, ನಾನು ಕೊಂಡು ತಿನ್ನುತ್ತೇನೆ.

ಬಿಸಿಲು ನೋಡಿ ಒಂದು ಲೋಟ ಮಜ್ಜಿಗೆ ಕೊಡಹೋದೆ. "ಬ್ಯಾಡ್ರಮ್ಮ" ಎಂದಳು. ಯಾವತ್ತು ಕೊಟ್ಟರೂ ಬೇಡವೇ. ಸೊಕ್ಕು.

ಏಪ್ರಿಲ್ 29, ಮಂಗಳವಾರ

ಕೈ ಇನ್ನೂ ಜುಮ್ಮೆನ್ನುತ್ತಿದೆ. ಸುಬ್ಬರಾಯ ಸ್ಟೀಲ್ ಡಬ್ಬಿಗಳಿಗೆ ಆರ್ಡರ್ ಕೊಟ್ಟಿದ್ದಾನೆ, ವಾರ್ಡಿನ ಮನೆಗೊಂದರಂತೆ. ಮುಚ್ಚಳದ ಮೇಲೆ "ಗೃಹಪ್ರವೇಶದ ಸವಿನೆನಪಿಗೆ" ಎಂದು ಕೊರೆಯಬೇಕಂತೆ. ಚುನಾವಣೆಯವರು ಹಿಡಿದರೆ ಮನೆಯ ಒಕ್ಕಲು ಎನ್ನಬಹುದಲ್ಲ! ಅವನ ಮನೆ ಒಕ್ಕಲಾಗಿ ಗೋಡೆಯ ಗಾರೆ ಉದುರುವಷ್ಟು ಕಾಲವಾಗಿದೆ.

ಪಾತ್ರೆಗೆ ಹೆಸರು ಕೊರೆಯುವುದು ಈ ಅಂಗಡಿಯಲ್ಲಿ ಯಾವಾಗಲೂ ನನ್ನ ಕೆಲಸ. ನನ್ನ ಅಕ್ಷರ ಚೆಂದ ಎಂದು ತೀರ್ಥಹಳ್ಳಿಯಿಂದಲೂ ಹುಡುಕಿಕೊಂಡು ಬರುತ್ತಾರೆ. ಮದುವೆ, ಸೀಮಂತ, ಸತ್ತವರ ಹೆಸರಿನ ದಾನ, ಎಲ್ಲವನ್ನೂ ಕೊರೆದಿದ್ದೇನೆ. ಇಂಥ ಸುಳ್ಳನ್ನು ಇದುವರೆಗೆ ಕೊರೆದಿರಲಿಲ್ಲ.

"ನಾನು ಕೊರೆಯೋದಿಲ್ಲ" ಎಂದೆ ಇವರಿಗೆ.

"ನಾವು ಪಾತ್ರೆ ಮಾರೋರು ಮಾರಾಯ್ತಿ. ಅವನು ಯಾರಿಗೆ ಎಂತಕ್ಕೆ ಕೊಡ್ತಾನೆ ಅನ್ನೋದು ಅವನ ಕರ್ಮ" ಎಂದರು ಇವರು. ದಾನಕ್ಕೆ ಹೆಸರಾದ ಶ್ರೇಯಾಂಸ ರಾಜನ ಹೆಸರಿಟ್ಟುಕೊಂಡು ವ್ಯಾಪಾರದ ವಿಷಯ ಬಂದರೆ ಹೀಗೆ. ಕೊನೆಗೆ ಕೊರೆದೆ. ಪ್ರತಿ ಮುಚ್ಚಳಕ್ಕೂ ಮನಸ್ಸಿನಲ್ಲೇ ಬೈದುಕೊಂಡು ಕೊರೆದೆ.

ಡಬ್ಬಿ ಬಂದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಹಿತ್ತಲಿನ ಓಣಿ ಕಡೆಯ ಕಕ್ಕಸಿನಲ್ಲಿ ತುಂಬಿಸಿದೆವು. ಹಿಂದೆ ಕೆಲಸದವರಿಗೆಂದು ಕಟ್ಟಿಸಿದ್ದು. ಹೇಗೂ ಯಾರೂ ಬಳಸುವುದಿಲ್ಲ.

ಏಪ್ರಿಲ್ 30, ಬುಧವಾರ. ಅಕ್ಷಯ ತೃತೀಯ

ಬಸದಿಗೆ ಹೋಗಿದ್ದೆ. ಪುರೋಹಿತರು ಪ್ರತಿ ವರ್ಷದ ಹಾಗೆ ಆದಿನಾಥರು ಉಪವಾಸ ಮುರಿದ ಪಾರಣೆಯ ಕಥೆ ಹೇಳಿದರು. ಮುನಿಯಾದ ಮೇಲೆ ಅನ್ನವನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಊರೂರು ನಡೆದರು. ಜನ ಆನೆ ತಂದರು, ಕುದುರೆ ತಂದರು, ಚಿನ್ನ ತಂದರು. ಈ ಮನುಷ್ಯ ಹಸಿದಿದ್ದಾನೆ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಶ್ರೇಯಾಂಸ ರಾಜನಿಗೆ ಹೊಳೆದು ಕಬ್ಬಿನ ರಸ ಕೊಟ್ಟನಂತೆ. ನಮ್ಮ ಮನೆಯ ಶ್ರೇಯಾಂಸರಿಗೆ ನನಗೆ ಒಂದು ಲೋಟ ಚಹಾ ಬೇಕಾಗಿದೆ ಎಂಬುದು ನಾನು ಬಾಯಿಬಿಟ್ಟು ಹೇಳಿದರೂ ಹೊಳೆಯುವುದಿಲ್ಲ.

ಕಬ್ಬಿನ ರಸ ಹಂಚಿದ ಮೇಲೆ ಪುರೋಹಿತರು, "ಇವತ್ತು ಒಳ್ಳೆ ದಿನ, ಏನಾದ್ರೂ ಒಂದು ನಿಯಮ ತಗೊಳ್ಳಿ" ಎಂದರು. ಒಬ್ಬರು ಚಾತುರ್ಮಾಸ ಮುಗಿಯುವ ತನಕ ಬಟಾಟೆ ಬಿಟ್ಟರು. ಒಬ್ಬಾಕೆ ಟಿವಿ ಧಾರಾವಾಹಿ ಬಿಟ್ಟಳು. ನನ್ನ ಸರದಿ ಬಂದಾಗ ಬೆರಳುಗಳು ಇನ್ನೂ ಜುಮ್ಮೆನ್ನುತ್ತಿದ್ದವು.

"ಈ ಚುನಾವಣೆಯಲ್ಲಿ ಓಟು ಕೇಳಿಕೊಂಡು ಬಂದ ಯಾರಿಗೂ ನನ್ನ ಓಟಿಲ್ಲ. ಇದೇ ನನ್ನ ನಿಯಮ" ಎಂದೆ.

ಪುರೋಹಿತರು ಅನುಮಾನಿಸಿದರು. "ಅಮ್ಮಾ, ಇದು ನಿಯಮ ಆಗ್ತದಾ?"

"ಬಿಡೋದು ತಾನೇ ನಿಯಮ? ಬಿಟ್ಟೆ."

ಅವರ ಹೆಂಡತಿ ತ್ರಿಶಲಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗಲಿ. ಆದಿನಾಥ ಸ್ವಾಮಿಯ ಎದುರು ಅಕ್ಷತೆ ಹಾಕಿ ಹೇಳಿದ ಮಾತು, ಇನ್ನು ತಪ್ಪುವಂತಿಲ್ಲ. ಕೇಳದೆ ಓಟಿಗೆ ನಿಲ್ಲುವ ಪ್ರಾಣಿ ಈ ಭೂಮಿಯ ಮೇಲಿಲ್ಲ. ಅಂದ ಮೇಲೆ ನನ್ನ ಓಟು ನೋಟಾಕ್ಕೆ.

ಮೇ 2, ಶುಕ್ರವಾರ

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳ ಎದುರು ಗಟ್ಟಿಯಾಗಿಯೇ ಹೇಳಿದೆ, ನನ್ನ ಓಟು ಈ ಸಲ ನೋಟಾಕ್ಕೆ ಎಂದು. ಇವರಿಗೆ ಸಿಟ್ಟು ಬಂತು.

"ನೋಟಾಕ್ಕೆ ಎಷ್ಟು ಓಟು ಬಿದ್ರೂ ಗೆಲ್ಲೋನು ಇವರಲ್ಲೇ ಒಬ್ಬ. ಸುಮ್ನೆ ಬಿಸಿಲಲ್ಲಿ ಸಾಲು ನಿಂತು ಸೊನ್ನೆ ಒತ್ತಿ ಬರ್ತೀಯಾ?"

"ಒತ್ತಿದೆ ಅನ್ನೋದಾದ್ರೂ ಅವರಿಗೆ ಗೊತ್ತಾಗ್ಲಿ. ಮನೇಲೇ ಕೂತ್ರೆ ಮುದುಕಿಗೆ ಜ್ವರ ಬಂದಿರಬೇಕು ಅಂದ್ಕೊಳ್ತಾರೆ. ಹೋಗಿ, ನಿಂತು, ನೀವ್ಯಾರೂ ಬೇಡ ಅಂತ ಹೇಳಿ ಬರಬೇಕು."

ಇವರ ಮಾತಿನಲ್ಲೂ ಸುಳ್ಳಿಲ್ಲ, ಅದೇ ಉರಿಯುವುದು. ಸುಬ್ಬರಾಯನ ಎದುರು ನಿಂತಿರುವವನು ರವಿಶಂಕರ. ಕಂಟ್ರಾಕ್ಟರು. ಆ ಕಕ್ಕಸನ್ನು ಕಟ್ಟಿಸಿದವನು ಅವನೇ. ನೀರಿಲ್ಲದೆ ಕಟ್ಟಿದವನೊಬ್ಬ, ಕಟ್ಟಿದ್ದಕ್ಕೆ ಬೀಗ ಹಾಕಿದವನೊಬ್ಬ. ಇವರಲ್ಲಿ ಆರಿಸಿಕೋ ಎಂದರೆ ಯಾವ ಹೇಸಿಗೆ ಮೆಟ್ಟುತ್ತೀ ಎಂದು ಕೇಳಿದ ಹಾಗೆ.

ಮೆಟ್ಟಿಲ ಮೇಲಿದ್ದ ಗುತ್ಯಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತ ತಲೆ ಎತ್ತಿದಳು. "ಅಮ್ಮಾ, ನೋಟಾ ಅಂದ್ರೆ ಯಾರು? ಯಾವ ಊರೋರು?"

"ಯಾರೂ ಅಲ್ಲ ಮಾರಾಯ್ತಿ. ಇವರಲ್ಲಿ ಯಾರೂ ಬ್ಯಾಡ ಅಂತ ಒತ್ತೋದು."

ಅವಳು ಇನ್ನೊಂದು ಕಟ್ಟಿಗೆ ನೀರು ಚಿಮುಕಿಸಿದಳು. "ಯಾರೂ ಅಲ್ದೋರು ಗೆದ್ರೆ ಬೀಗ ತೆಗ್ಯೂದು ಯಾರು?"

ಸೊಪ್ಪು ಮಾರುವ ಕೆಲಸ ನೋಡು ಎಂದೆ.

ಮೇ 3, ಶನಿವಾರ

ಮಾನ ಹೋಯಿತು. ಮಧ್ಯಾಹ್ನ ಇವರು ಊಟಕ್ಕೆ ಒಳಗೆ ಹೋದದ್ದನ್ನು ನೋಡಿಕೊಂಡು ರವಿಶಂಕರ ಬಂದ. ಆ ಕಡೆ ಈ ಕಡೆ ನೋಡಿ ಗಲ್ಲಾಪೆಟ್ಟಿಗೆಯ ಮೇಲೆ ಒಂದು ಕವರ್ ಇಟ್ಟ.

"ಎಂತ ಇದು?"

"ನೀವೇ ಹೇಳಿದ್ರಂತಲ್ಲ ಅಕ್ಕಾ, ನಿನ್ನೆ ಎಲ್ಲರ ಎದುರಿಗೆ. ನಿಮ್ಮ ಓಟು ನೋಟಿಗೆ ಅಂತ. ನಿಮ್ಮಂಥ ದೊಡ್ಡ ಮನೆಯವರೂ ಹಿಂಗೆ ಓಪನ್ನಾಗಿ ಕೇಳಿದ್ರೆ ನಮಗೂ ಸುಲಭ."

ಮೈಯೆಲ್ಲ ಹೊತ್ತಿಕೊಂಡಿತು. ಜ್ವಾಲಾಮಾಲಿನಿ ಎಂದು ಹೆಸರಿಟ್ಟ ನನ್ನಜ್ಜಿಗೆ ಇಂಥ ದಿನವೊಂದು ಬರುತ್ತದೆಂದು ಮೊದಲೇ ಗೊತ್ತಿತ್ತೋ ಏನೋ. ಕೈಗೆ ಸಿಕ್ಕ ಸೌಟು ಎತ್ತಿಕೊಂಡೆ. ಹೊಸ ಸೌಟು, ಇನ್ನೂ ಬೆಲೆಯ ಚೀಟಿ ಅಂಟಿಕೊಂಡಿತ್ತು. ಅವನು ಕವರ್ ತೆಗೆದುಕೊಂಡು ಗುತ್ಯಮ್ಮನ ತೊಂಡೆಕಾಯಿ ಬುಟ್ಟಿಯನ್ನು ಹಾರಿ ಓಡಿದ.

ಗುತ್ಯಮ್ಮ ನಕ್ಕಿದ್ದೇ ನಕ್ಕಿದ್ದು. "ನೋಟಾ ಗೆಲ್ತದೆ ಬಿಡ್ರಮ್ಮ, ಸೌಟು ಹಿಡ್ಕಂಡು ಪ್ರಚಾರ ಮಾಡ್ರಿ" ಎಂದಳು. ನನಗೂ ನಗು ಬಂತು, ತೋರಿಸಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಪೇಟೆಯಲ್ಲೆಲ್ಲ ಇದೇ ಮಾತು: ಮಾಲಿನಕ್ಕನಿಗೆ ಕವರ್ ಸಣ್ಣದಾಯಿತಂತೆ, ಅದಕ್ಕೇ ಸಿಟ್ಟಂತೆ. ಥೂ.

ಮೇ 6, ಮಂಗಳವಾರ

ಎರಡು ದಿನದಿಂದ ಗುತ್ಯಮ್ಮನಿಲ್ಲ. ಗಿರಾಕಿಗಳು ಮೆಟ್ಟಿಲು ಹತ್ತಿ, ಸೊಪ್ಪಿನವಳೆಲ್ಲಿ ಎಂದು ನನ್ನನ್ನು ಕೇಳುತ್ತಾರೆ. ನಾನೇನು ಅವಳ ಸೆಕ್ರೆಟರಿಯೇ? ಮೆಟ್ಟಿಲು ಚೊಕ್ಕಟವಾಗಿದೆ. ನೋಡುವುದಕ್ಕೆ ಒಂದು ಥರ ಬೋಳು.

ಮೇ 8, ಗುರುವಾರ

ಗುತ್ಯಮ್ಮನ ಸೊಸೆ ಪ್ರತಿಮಾ ಬಂದಿದ್ದಳು. ಅತ್ತೆಗೆ ಮೈ ಸುಡುವ ಜ್ವರ ಬಂದು ಸಾಗರದ ಆಸ್ಪತ್ರೆಗೆ ಸೇರಿಸಿದ್ದರಂತೆ. ಉರಿಮೂತ್ರ, ಅದು ಕಿಡ್ನಿಯ ತನಕ ಹೋಗಿದೆ. ಇನ್ನೊಮ್ಮೆ ಹೀಗಾದರೆ ಕಷ್ಟ ಎಂದಿದ್ದಾರಂತೆ ಡಾಕ್ಟರು. ನೀರು ಯಾಕೆ ಕುಡಿಯುವುದಿಲ್ಲ ಎಂದು ಚೆನ್ನಾಗಿ ಬೈದರಂತೆ.

"ಅತ್ತೆ ಅವ್ರಿಗೆ, ಕುಡಿದ್ರೆ ಹೋಗೂದೆಲ್ಲಿಗೆ ಡಾಕ್ಟ್ರೇ ಅಂತ ಕೇಳಿದ್ರು" ಎಂದಳು ಪ್ರತಿಮಾ.

ಬೆಳಗಿನ ಮೊದಲ ಬಸ್ಸಿಗೆ ಬಂದವಳು ಸಂಜೆಯ ಬಸ್ಸಿಗೆ ಮನೆಗೆ ಹೋಗುವ ತನಕ ತಡೆದುಕೊಳ್ಳುತ್ತಿದ್ದಳಂತೆ, ಇಷ್ಟು ವರ್ಷ. ಮಜ್ಜಿಗೆ ಬೇಡವೆನ್ನುತ್ತಿದ್ದದ್ದು ಇದಕ್ಕೆ! ನಾನೊಬ್ಬಳು, ಸೊಕ್ಕು ಎಂದುಕೊಂಡಿದ್ದೆ. ಸುಬ್ಬರಾಯನನ್ನು ಅದೇ ಕಕ್ಕಸಿನೊಳಗೆ ಕೂಡಿಹಾಕಿ ಬೀಗ ಜಡಿಯಬೇಕು ಎನ್ನಿಸಿತು. ಒಬ್ಬ ಹೆಂಗಸು ಸಾಯುವ ತನಕ ಹೋಗಿದ್ದಾಳೆ, ಇವನಿಗೆ ಕುರ್ಚಿ ಇಡುವುದಕ್ಕೆ ಜಾಗ ಬೇಕಂತೆ. ಒಂದು ಬಾಗಿಲು ತೆಗೆಯುವುದಕ್ಕೆ ಮನುಷ್ಯನಿಗೆ ಏನು ದಾಡಿ? ಸಿಟ್ಟಿನಲ್ಲಿ ಎರಡು ಲೋಟಕ್ಕೆ ಹೆಸರು ತಪ್ಪು ಕೊರೆದೆ.

ಮೇ 9, ಶುಕ್ರವಾರ

ಗುತ್ಯಮ್ಮ ಬಂದಳು, ಅರ್ಧ ಇಳಿದುಹೋಗಿದ್ದಾಳೆ. ಬುಟ್ಟಿ ಇಳಿಸಿ, ಕೂತು, ಏನೂ ಆಗದವರ ಹಾಗೆ ಹೇಳಿದಳು: "ನಿನ್ನೆ ನಾಮಿನೇಷನ್ ಹಾಕ್ ಬಂದೆ ಅಮ್ಮ."

"ಯಾರದು?"

"ನಂದೇಯ. ಆಸ್ಪತ್ರೆಯಿಂದ ಸೀದಾ ಹೋಗಿದ್ದೆ. ನಿನ್ನೆ ಕಡೇ ದಿನ ಅಂದ್ರು."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅವಳ ಮನೆ ಇರುವುದು ಪೇಟೆಯ ಆಚೆ ತುದಿಯ ವಾರ್ಡಿನಲ್ಲಿ, ನಿಂತಿರುವುದು ನಮ್ಮ ವಾರ್ಡಿಗೆ. ಕಕ್ಕಸು ಇರುವುದು ಇಲ್ಲಿ ತಾನೇ ಎಂದಳು.

"ನೀನು ಗೆಲ್ತೀಯಾ?"

"ಗೆಲ್ಲೂದಲ್ಲ. ಮೈಕು ಹಿಡ್ಕಂಡು ಬೀಗದ ಮಾತು ನಾಕು ಸಲ ಹೇಳಿದ್ರೆ ನಾಚ್ಕೆಗಾದ್ರೂ ತೆಗೀತಾರೆ ಅಂತ."

ನಾಚಿಕೆ ಇರುವವರು ಯಾರೆಂದು ಇವಳು ತಿಳಿದಿದ್ದಾಳೋ. ಒಳಗೆ ಹೋಗಿ ಕೂತಾಗ ನೆನಪಾಯಿತು, ನನ್ನ ನಿಯಮ. ಇವಳೂ ನಾಳೆ ಕೈ ಮುಗಿದುಕೊಂಡು ಬರುತ್ತಾಳೆ, ನಿಮ್ಮ ಓಟು ಕೊಡಿ ಅಮ್ಮ ಎನ್ನುತ್ತಾಳೆ. ಆಗ ಇಲ್ಲ ಎನ್ನಲೇಬೇಕು. ಸ್ವಾಮಿಯ ಎದುರು ಕೊಟ್ಟ ಮಾತು. ಹಾಳು ನಾಲಿಗೆ, ಅವತ್ತು ಎಲ್ಲರ ಹಾಗೆ ಬಟಾಟೆ ಬಿಟ್ಟಿದ್ದರೆ ಆಗುತ್ತಿತ್ತು.

ಮೇ 13, ಮಂಗಳವಾರ

ಗುತ್ಯಮ್ಮನಿಗೆ ಬಕೆಟ್ ಗುರುತು ಸಿಕ್ಕಿದೆ. ಬೀಗದ ಕೈ ಕೇಳಿದ್ದಳಂತೆ, ಅದು ಪಟ್ಟಿಯಲ್ಲಿ ಇಲ್ಲವಂತೆ. ನಾವು ಅಂಗಡಿಯ ಎದುರು ಬಕೆಟ್‌ಗಳನ್ನು ಸಾಲಾಗಿ ತೂಗುಹಾಕಿದ್ದೇವೆ, ಅಂಗಡಿ ಶುರುವಾದಾಗಿನಿಂದ. ಅದರ ಕೆಳಗೇ ಅವಳು ಕೂತಿರುವುದು. ಪೇಟೆಯ ಬಾಯಿಗೆ ಇಷ್ಟು ಸಾಕು.

ಮೇ 15, ಗುರುವಾರ

ಸುಬ್ಬರಾಯ ದೂರು ಕೊಟ್ಟಿದ್ದಾನೆ. ಚುನಾವಣಾ ಸಿಬ್ಬಂದಿ ಇಬ್ಬರು ಜೀಪಿನಲ್ಲಿ ಬಂದರು. ಪಾಪ, ಸಭ್ಯರು. "ಅಭ್ಯರ್ಥಿಯ ಗುರುತನ್ನ ಪ್ರದರ್ಶನ ಮಾಡ್ತಿದ್ದೀರಿ ಅಂತ ಕಂಪ್ಲೇಂಟ್ ಬಂದಿದೆ ಮೇಡಂ. ಬಕೆಟ್ ಕೆಳಗಿಳಿಸ್ತೀರಾ?"

ಇವರು ಆಗಲೇ ಕೋಲು ತೆಗೆದುಕೊಂಡು ಇಳಿಸಲು ಹೊರಟಿದ್ದರು. ನಾನು ಅಡ್ಡ ನಿಂತೆ.

"ಇದು ಪಾತ್ರೆ ಅಂಗಡಿ. ಬಕೆಟ್ ತೂಗುಹಾಕದೆ ಇನ್ನೇನು ನನ್ನ ತಲೆ ತೂಗುಹಾಕ್ಲಾ? ಹಂಗಿದ್ರೆ ಪೇಟೆಯಲ್ಲಿ ಬಚ್ಚಲುಮನೆಗೆಲ್ಲ ನುಗ್ಗಿ ಬಕೆಟ್ ಹೊತ್ಕೊಂಡು ಹೋಗಿ."

ಅವರು ನಗು ತಡೆದುಕೊಂಡು ಏನೋ ಬರೆದುಕೊಂಡು ಹೋದರು. ನನಗೆ ಹಟ ಬಂತು. ಗೋದಾಮಿನಿಂದ ಇನ್ನೊಂದಷ್ಟು ಬಕೆಟ್ ತರಿಸಿ, ಎದುರಿನ ತಗಡಿನ ಮಾಡಿನ ಉದ್ದಕ್ಕೂ ತೂಗುಹಾಕಿಸಿದೆ. ನೀಲಿ, ಕೆಂಪು, ಸ್ಟೀಲು, ಎಲ್ಲ. ಇದು ಗುತ್ಯಮ್ಮನಿಗಾಗಿ ಅಲ್ಲ. ಸುಬ್ಬರಾಯ ಹೇಳಿದ್ದಕ್ಕೆಲ್ಲ ಕುಣಿಯುವವಳು ನಾನಲ್ಲ, ಅಷ್ಟೇ. ನನ್ನ ಓಟು ನೋಟಾಕ್ಕೇ.

ಮೇ 17, ಶನಿವಾರ

ಇವತ್ತಿನಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಗಲಾಟೆ. ಬಾಗಿಲು ತೆಗೆದರು, ಬಾಗಿಲು ತೆಗೆದರು ಎಂದು ಯಾರೋ ಕೂಗಿದರು. ನೋಡಿದರೆ ನಿಜವಾಗಿಯೂ ಶೌಚಾಲಯದ ಬೀಗ ತೆಗೆದಿದ್ದಾರೆ! ಗುತ್ಯಮ್ಮ ಎದ್ದು ನಿಂತಳು. ಬಸ್ಸು ಕಾಯುತ್ತಿದ್ದ ಇಬ್ಬರು ಹೆಂಗಸರು ಚೀಲ ಹಿಡಿದುಕೊಂಡು ಆ ಕಡೆ ಹೊರಟೇಬಿಟ್ಟರು. ಸುಬ್ಬರಾಯನ ಹುಡುಗರು ಒಳಗಿನಿಂದ ಕುರ್ಚಿಗಳನ್ನೂ ಫ್ಲೆಕ್ಸುಗಳನ್ನೂ ಹೊರಗೆ ಎಳೆದು ಆಟೋಗೆ ತುಂಬಿದರು. ಮತ್ತೆ ಬೀಗ. ಆ ಹೆಂಗಸರು ಅರ್ಧ ದಾರಿಯಿಂದ ವಾಪಸು ಬಂದರು.

ಹನ್ನೊಂದು ಗಂಟೆಗೆ ಸುಬ್ಬರಾಯನ ಹೆಂಡತಿ ಸುಷ್ಮಾ ಹೆಂಗಸರ ದಂಡು ಕಟ್ಟಿಕೊಂಡು ಓಟು ಕೇಳಲು ಬಂದಳು. ಕುಂಕುಮ ಕೊಟ್ಟಳು, ಹಲ್ಲು ಬಿಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಮಾಲಿನಕ್ಕಾ, ಬೆಳಗಿಂದ ತಿರುಗ್ತಾ ಇದೀನಿ. ಸ್ವಲ್ಪ ನಿಮ್ಮ ಬಾತ್‌ರೂಮ್..." ಎಂದಳು. ಗಂಡ ಊರಿನ ಕಕ್ಕಸಿಗೆ ಬೀಗ ಹಾಕಿದ್ದಾನೆ, ಹೆಂಡತಿ ನನ್ನ ಮನೆಯದನ್ನು ಹುಡುಕಿಕೊಂಡು ಬರುತ್ತಾಳೆ! ಆದರೂ ಹೆಣ್ಣು ಜೀವ, ಹೇಗೆ ಇಲ್ಲ ಎನ್ನುವುದು? ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ, ಕೈ ತೊಳೆಯಲು ಹೊಸ ಸೋಪನ್ನೂ ಕೊಟ್ಟೆ. ಅವಳು ಹೊರಗೆ ಬಂದು ಮೆಟ್ಟಿಲಿಳಿಯುವಾಗ ಗುತ್ಯಮ್ಮ ತನ್ನ ಬುಟ್ಟಿ ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು.

ಮೇ 20, ಮಂಗಳವಾರ

ಗುತ್ಯಮ್ಮ ಮನೆಮನೆ ತಿರುಗುತ್ತಿದ್ದಾಳೆ. ಮಧ್ಯಾಹ್ನದ ತನಕ ಸೊಪ್ಪು, ಆಮೇಲೆ ಪ್ರತಿಮಾಳನ್ನು ಜೊತೆಗೆ ಕರೆದುಕೊಂಡು ಒಂದು ಖಾಲಿ ಬಕೆಟ್ ಹಿಡಿದು ಹೊರಡುತ್ತಾಳೆ. ಬಕೆಟ್ ನಮ್ಮಲ್ಲೇ ಕೊಂಡದ್ದು, ನಾನೇ ಅವಳ ಹೆಸರು ಕೊರೆದುಕೊಟ್ಟೆ. ಚೆನ್ನಾಗಿ ಬಂದಿದೆ. ಗುಡುಗು ಆಗುಂಬೆ ಕಡೆಯಿಂದ ಕೇಳುತ್ತಿತ್ತು, ಕೊಡೆ ಹಿಡಿದುಕೊಂಡು ಹೋಗು ಎಂದೆ.

ನಮ್ಮ ಸಾಲಿನ ಅಂಗಡಿಗಳಿಗೆಲ್ಲ ಇವತ್ತು ಹೋದಳು. ಬಳೆ ಅಂಗಡಿ, ಸೈಕಲ್ ಅಂಗಡಿ, ಕ್ಷೌರದ ಅಂಗಡಿಯನ್ನೂ ಬಿಡಲಿಲ್ಲ. ನಾನು ಕನ್ನಡಕ ಸರಿಮಾಡಿಕೊಂಡು ಕೂತೆ. ಇವಳಿಗೆ ಇಲ್ಲ ಎನ್ನುವುದು ಹೇಗೆ, ನಿಯಮದ ವಿಷಯ ಹೇಗೆ ಹೇಳುವುದು ಎಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಅವಳು ನಮ್ಮ ಅಂಗಡಿಯ ಎದುರು ನಿಂತು, ಒಳಗಿದ್ದ ಇವರಿಗೆ ಮಾತ್ರ ಕೈ ಮುಗಿದು, "ಅಣ್ಣಯ್ಯಾ, ಬಕೆಟ್ ಗುರುತು" ಎಂದಳು. ನನ್ನ ಕಡೆ ತಿರುಗಿಯೂ ನೋಡದೆ ಪಕ್ಕದ ಅಂಗಡಿಗೆ ಹೋದಳು.

ಮೇ 21, ಬುಧವಾರ

ಇವತ್ತೂ ಕೇಳಲಿಲ್ಲ.

ಮೇ 22, ಗುರುವಾರ

ನಿದ್ದೆ ಸರಿಯಾಗಿಲ್ಲ. ನನ್ನ ಮೆಟ್ಟಿಲ ಮೇಲೆ ಕೂತು, ನನ್ನ ನೆರಳಿನಲ್ಲಿ ಸೊಪ್ಪು ಮಾರಿ, ಊರಿಗೆಲ್ಲ ಕೈ ಮುಗಿದು ನನ್ನೊಬ್ಬಳನ್ನು ಬಿಟ್ಟಳೆಂದರೆ ಏನರ್ಥ? ನಾನೇನು ಆ ರವಿಶಂಕರನಿಗಿಂತ ಕಡೆಯಾದೆನೇ? ಅವನ ಮನೆಗೂ ಹೋಗಿ ಕೇಳಿದ್ದಾಳಂತೆ! ಕವರ್ ಸಣ್ಣದಾಯಿತೆಂಬ ಪೇಟೆಯ ಮಾತನ್ನು ಇವಳೂ ನಂಬಿದಳೋ? ಅವತ್ತು ನಕ್ಕವಳು ಇವಳೇ ಅಲ್ಲವೇ. ಅಥವಾ ಹಳೆಯ ಗೇಣಿಯ ಸಿಟ್ಟೋ? ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ, ಅದು ಬೇರೆ ಮಾತು. ಕೇಳಬೇಕಿತ್ತು. ಬೇಸರವಾಗಿದೆ, ಬರೆಯಲು ಏನು ನಾಚಿಕೆ.

ಮೇ 23, ಶುಕ್ರವಾರ

ಬಸದಿಯಲ್ಲಿ ತ್ರಿಶಲಾ ಸಿಕ್ಕಿದಳು. ಗುತ್ಯಮ್ಮ ಅವರ ಮನೆಗೂ ಹೋಗಿದ್ದಳಂತೆ. ತ್ರಿಶಲಾಳಿಗೆ ಬಾಯಿ ನಿಲ್ಲುವುದಿಲ್ಲ, ನನ್ನ ನಿಯಮದ ಕಥೆಯನ್ನು ನಗುನಗುತ್ತ ಹೇಳಿದ್ದಾಳೆ.

"ಅದು ಕೇಳಿ ಅವಳು ನಗ್ಲೇ ಇಲ್ಲ ಮಾಲಿನಕ್ಕ. 'ಹಂಗಾರೆ ನಾನು ಅಮ್ಮನ ಹತ್ರ ಕೇಳೂದಿಲ್ಲ. ದೇವ್ರ ಮುಂದೆ ಆಡಿದ ಮಾತು, ಅಮ್ಮಂಗೆ ನನ್ನಿಂದ ಕಷ್ಟಕ್ಕೆ ಬರೂದು ಬ್ಯಾಡ' ಅಂದ್ಳು."

ಪ್ರದಕ್ಷಿಣೆ ಹಾಕುವಾಗ ಎಷ್ಟು ಸುತ್ತು ಬಂದೆನೆಂಬುದೇ ತಪ್ಪಿಹೋಯಿತು. ನಿಯಮ ತೆಗೆದುಕೊಂಡವಳು ನಾನು. ಅದನ್ನು ಕಾಪಾಡುತ್ತಿರುವವಳು ಆ ಸೊಪ್ಪಿನವಳು.

ಮೇ 25, ಭಾನುವಾರ

ಮತದಾನ. ಶಾಲೆಯ ಗೇಟಿನಿಂದ ಆಚೆ, ಗೆರೆ ಎಳೆದ ಜಾಗದಲ್ಲಿ ಮೂವರೂ ನಿಂತಿದ್ದರು. ಸುಬ್ಬರಾಯ ಕೈ ಮುಗಿದ. ರವಿಶಂಕರ ಸೌಟಿನ ನೆನಪಾಗಿ ಸ್ವಲ್ಪ ದೂರದಿಂದಲೇ ಮುಗಿದ. ಗುತ್ಯಮ್ಮ ನನ್ನನ್ನು ಕಂಡದ್ದೇ ಎರಡು ಕೈಗಳನ್ನೂ ಸೆರಗಿನೊಳಗೆ ಹಾಕಿ ಮರದ ಕಡೆ ತಿರುಗಿ ನಿಂತಳು. ದಿನವೂ ಮಾಡುವ ನಮಸ್ಕಾರವನ್ನೂ ಮಾಡಲಿಲ್ಲ, ಎಲ್ಲಿ ಅದು ಕೇಳಿದಂತಾಗುತ್ತದೋ ಎಂದು.

ಒಳಗೆ ಮಿಷನ್ನಿನ ಎದುರು ಬಹಳ ಹೊತ್ತು ನಿಂತೆನಂತೆ. "ಅಮ್ಮಾ, ಲೈಟ್ ಬಂದಿಲ್ವಾ?" ಎಂದು ಅಧಿಕಾರಿ ಕೂಗಿದರು. ಲೈಟ್ ಬಂದಿತ್ತು. ನೋಟಾ ಎಲ್ಲಕ್ಕಿಂತ ಕೆಳಗಿತ್ತು. ಬೆರಳು ಅಲ್ಲಿಯ ತನಕ ಹೋಯಿತು.

ಯಾರಿಗೆ ಒತ್ತಿದೆ ಎಂದು ಇಲ್ಲೂ ಬರೆಯುವುದಿಲ್ಲ. ಗುಪ್ತ ಮತದಾನ. ನಿಯಮವಂತೂ ಕೆಟ್ಟಿಲ್ಲ.

ಮೇ 28, ಬುಧವಾರ

ಎಣಿಕೆ ಮುಗಿಯಿತು. ಸುಬ್ಬರಾಯ ಮತ್ತೆ ಗೆದ್ದ. ಗುತ್ಯಮ್ಮನಿಗೆ ನಲವತ್ತು ಚಿಲ್ಲರೆ ಓಟು, ಠೇವಣಿ ಹೋಯಿತು. ಊರಿನ ಹೆಂಗಸರೆಲ್ಲ ಅವಳ ಬಕೆಟ್ ಮುಟ್ಟಿ ನಿನಗೇ ಎಂದಿದ್ದರು. ಸುಬ್ಬರಾಯ ಹಂಚಿದ ಡಬ್ಬಿಯಲ್ಲಿ ಸಕ್ಕರೆ ತುಂಬಿಟ್ಟುಕೊಂಡು ಹೋಗಿ ಅವನಿಗೆ ಒತ್ತಿ ಬಂದಿದ್ದಾರೆ. ಆ ಡಬ್ಬಿಯ ಮೇಲಿರುವುದು ನನ್ನ ಅಕ್ಷರ.

ಗೆದ್ದ ಪಟಾಕಿಯನ್ನು ಶೌಚಾಲಯದ ಮೆಟ್ಟಿಲ ಮೇಲೇ ಹೊಡೆದರು. ಬೀಗ ಹಾಗೇ ಇದೆ. ಅದಕ್ಕೊಂದು ಹಾರ ಹಾಕುವುದು ಬಾಕಿ. ಬಾಗಿಲು ಮುಚ್ಚಿ ಒಳಗೆ ಬಂದು ಮಲಗಿದೆ. ಈ ಊರು, ಈ ಜನ, ಈ ಓಟು, ಯಾವುದರ ಮುಖವೂ ನೋಡುವುದು ಬೇಡ ಎನ್ನಿಸಿದೆ. ಸಂಜೆ ಇವರೇ ಚಹಾ ಮಾಡಿ ತಂದು ಕೊಟ್ಟರು, ಕೇಳದೆ.

ಮೇ 29, ಗುರುವಾರ

ಬೆಳಿಗ್ಗೆ ಬಾಗಿಲು ತೆಗೆಯುವಾಗ ಗುತ್ಯಮ್ಮ ಆಗಲೇ ಬಂದು ಸೊಪ್ಪು ಹರವುತ್ತಿದ್ದಳು. ನನ್ನನ್ನು ಕಂಡು ಎಂದಿನಂತೆ ಕೈ ಮುಗಿದಳು. ಆ ಸುಬ್ಬರಾಯನ ಮನೆ ಹಾಳಾಗ ಎಂದೆ.

"ಹೋಗ್ಲಿ ಬಿಡ್ರಮ್ಮ." ಹರಿವೆ ಕಟ್ಟುಗಳನ್ನು ಜೋಡಿಸಿದಳು. ಆಮೇಲೆ ತಲೆ ಎತ್ತದೆಯೇ, "ಎಲೆಕ್ಷನ್ ಮುಗೀತಲ್ಲ, ಈಗ ನಿಮ್ಮತ್ರ ಒಂದು ಕೇಳ್ಲಾ?" ಎಂದಳು.

"ಕೇಳು."

"ಹಿತ್ಲಲ್ಲಿ ಓಣಿ ಕಡೆಗೆ ಒಂದು ಕಕ್ಕಸು ಇದ್ಯಲ್ಲ ಅಮ್ಮ. ದಿನಕ್ಕೊಂದು ಸಲ ಹೋಗಿ ಬರ್ಲಾ? ತೊಳ್ದಿಟ್ಟು ಬರ್ತೀನಿ. ಡಾಕ್ಟ್ರು ನೀರು ಕುಡೀಲೇಬೇಕು ಅಂದಿದಾರೆ."

ನಾನು ಬಾಗಿಲ ಹಲಗೆ ಹಿಡಿದುಕೊಂಡು ನಿಂತೆ.

"ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ನೀನು?"

"ಕೇಳ್ಕಂಡು ಬಂದೋರನ್ನ ಕಂಡ್ರೆ ನಿಮಗೆ ಆಗೂದಿಲ್ವಲ್ಲ" ಎಂದಳು. ಚುಚ್ಚಿ ಆಡಿದ ಮಾತಲ್ಲ. ಇವತ್ತು ಮೋಡ ಇದೆ ಎನ್ನುವವರ ಹಾಗೆ ಹೇಳಿದಳು.

ನನಗೆ ಮುಖ ಎತ್ತಲಾಗಲಿಲ್ಲ. ಒಳಗೆ ಹೋದೆ. ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಅಂಗಳಕ್ಕೆ ಎಸೆದೆ. ನಾನು ತರುತ್ತೇನೆ ಎಂದು ಇವರು ಬಂದರು, ಬೇಡ ಎಂದೆ. ಓಣಿ ಕಡೆಯ ಬಾಗಿಲಿನ ಅಗಳಿ ತುಕ್ಕು ಹಿಡಿದು ಕೂತಿತ್ತು, ಅಲುಗಲಿಲ್ಲ. ಅಂಗಡಿಯ ಸುತ್ತಿಗೆ ತಂದು ಹೊಡೆದು ತೆಗೆದೆ. ಫಿನಾಯಿಲ್ ಹಾಕಿ ತಿಕ್ಕಿ ತೊಳೆದು, ಮಾಡಿನಲ್ಲಿ ತೂಗುತ್ತಿದ್ದ ಸ್ಟೀಲ್ ಬಕೆಟ್ ಒಂದನ್ನು ಇಳಿಸಿ ನಲ್ಲಿಯ ಕೆಳಗೆ ಇಟ್ಟೆ.

ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ಹೋದೆ. ಬೇಡ ಎನ್ನಲಿಲ್ಲ. ನಿಂತಲ್ಲೇ ಲೋಟ ಖಾಲಿ ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಇನ್ನೊಂದು ಲೋಟ ಕೇಳಿದಳು.